ಕೆರೆ ಏರಿಯ ಮೇಲೆ ನನ್ನ ಹೆಸರು

ನನಗಿಟ್ಟಿರುವುದು ಅಪ್ಪನ ತಾಯಿಯ ಹೆಸರು. ನಮ್ಮಲ್ಲಿ ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಲ್ಲಿ ಆಡುವಂತಿಲ್ಲ. ಹಾಗಾಗಿ ಹೆತ್ತವ್ವ ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಪ್ರೀತಿ ಬಂದರೆ 'ಅಮ್ಮಿ', ಸಿಟ್ಟು ಬಂದರೆ 'ಏ ಇವಳೇ'. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹೆಸರು ಕೇಳಿದ್ದಕ್ಕೆ, ಹೇಳಿಬಿಡಿ ಅಂತ ಪಕ್ಕದ ಮನೆಯಾಕೆಗೆ ಕಣ್ಸನ್ನೆ ಮಾಡಿದ್ದಳಂತೆ. ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮವ್ವನ ಕಾಲ ಬರಲೇ ಇಲ್ಲ. ನನಗೂ ತಲೆ ನರೆಯಿತು. ಅವ್ವನ ಬಾಯಲ್ಲಿ ಒಮ್ಮೆ ನನ್ನ ಹೆಸರು ಕೇಳಬೇಕು ಅನ್ನುವ ಆಸೆ ಮಾತ್ರ ಹೋಗಲಿಲ್ಲ.

ಅವ್ವ ಈಗ ಚಾಮರಾಜನಗರದಲ್ಲಿ ನನ್ನ ಜೊತೆಗೇ ಇದ್ದಾಳೆ. ನಾನು ದಿನಾ ಗುಂಡ್ಲುಪೇಟೆಗೆ ಹೋಗಿ ಹೈಸ್ಕೂಲು ಮಕ್ಕಳಿಗೆ ಚರಿತ್ರೆ ಹೇಳುತ್ತೇನೆ. ಬಸ್ಸಿನಲ್ಲಿ ಶಾಸನದ ಪುಸ್ತಕ ಹಿಡಿದು ನನ್ನ ಹೆಸರಿನವರನ್ನು ಹುಡುಕುವುದೊಂದು ಹುಚ್ಚು. ಸಿಕ್ಕಿದರು ನೋಡಿ! ಬಸದಿಗೆ ಗದ್ದೆ ಬಿಟ್ಟವಳೊಬ್ಬಳು. ಶತಮಾನಗಳ ಹಿಂದೆಯೇ, ಗಂಡ ಸತ್ತ ಮೇಲೆ ಊರ ಗೌಡಿಕೆಯನ್ನು ತಾನೇ ನಡೆಸಿದವಳೊಬ್ಬಳು. ಆಮೇಲೆ ಒಬ್ಬಳು ರಾಣಿ! ಕಂಡಕ್ಟರು ಟಿಕೆಟ್ ಕೇಳಿದರೂ ನನಗೆ ಗ್ಯಾನವಿರುತ್ತಿರಲಿಲ್ಲ.

ಕಳೆದ ಬೇಸಿಗೆ ಕುದೇರಿನ ಕಡೆ ಒಂದು ಕೆರೆ ಏರಿಯಲ್ಲಿ, ಜನ ಬಟ್ಟೆ ಒಗೆಯುವ ಕಲ್ಲಿನ ಮಗ್ಗುಲಲ್ಲಿ ಹಳೆಯ ಅಕ್ಷರ ಕಂಡವು. ಒಂದೊಂದಾಗಿ ಕೂಡಿಸಿ ಓದಿದೆ. ಕೆರೆ ಕಟ್ಟಿಸಿದ ಹೆಂಗಸಿನ ಹೆಸರು, ನನ್ನದೇ! ಏರಿಯ ಮೇಲೆ ಒಬ್ಬಳೇ ಕುಣಿದುಬಿಟ್ಟೆ.

ಭಾನುವಾರ ಅವ್ವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ. ಕಲ್ಲಿಗೆ ಅಕ್ಕಿಹಿಟ್ಟು ಸವರಿದ ಕೂಡಲೇ ಅಕ್ಷರಗಳು ಬೆಳ್ಳಗೆ ಎದ್ದವು.

"ಏನಂತ ಬರ್ದದೆ ಅಮ್ಮಿ?"

"ಈ ಕೆರೆ ಕಟ್ಸಿದೋಳ ಎಸ್ರು. ನನ್ನೆಸ್ರೇ ಕಣವ್ವ!"

ಅವ್ವ ಗಾಬರಿಯಿಂದ ಸೆರಗು ಹೊದ್ದಳು. "ಅಯ್ಯೋ, ಅತ್ತೆ ಎಸ್ರು! ನಾ ಏಳಾಕಿಲ್ಲ, ಬುಡು."

"ಅಜ್ಜಿಗಿಂತ ಏಳೆಂಟುನೂರು ವರ್ಷ ಮುಂಚಿನೋಳು ಕಣವ್ವ ಇವ್ಳು. ಬೇರೆಯೋಳು."

ಅವ್ವ ಕಲ್ಲು ನೋಡಿದಳು, ಕೆರೆ ನೋಡಿದಳು. "ಅಂಗಾದ್ರೆ ನಂಗೆ ಅತ್ತೆ ಆಗ್ಬೇಕಿಲ್ಲ?"

"ಇಲ್ಲ."

ಅವ್ವ ಕಲ್ಲಿನ ಮೇಲೆ ಕೈಯಿಟ್ಟು, ಆಚೆ ದಡಕ್ಕೆ ಕೇಳುವ ಹಾಗೆ ಆ ಹೆಸರು ಕೂಗಿ, "ನಿನ್ನೊಟ್ಟೆ ತಣ್ಗಿರ್ಲಿ ಕಣವ್ವ, ನಿನ್ ಕೆರೇಲಿ ಇನ್ನೂ ನೀರದೆ" ಅಂದಳು.

ನನಗೆ ಗೊತ್ತಿಲ್ಲದೆಯೇ "ಓ" ಅಂದುಬಿಟ್ಟಿದ್ದೆ.

"ನಿನ್ನಲ್ಲ ಕಣಮ್ಮಿ, ಅವ್ಳನ್ನ ಕರ್ದದ್ದು!" ಅಂತ ಅವ್ವ ಬಿದ್ದು ಬಿದ್ದು ನಕ್ಕಳು. ನಗುತ್ತ ನಗುತ್ತ ನನಗೆ ಅಳು ಬಂತು. ಅವ್ವ ಸೆರಗಿನಲ್ಲಿ ನನ್ನ ಮುಖ ಒರೆಸಿದಳು. ಮತ್ತೊಮ್ಮೆ ಹೆಸರು ಹಿಡಿದು ಕರೆದಳು, ಮೆಲ್ಲಗೆ. ಈ ಸಲ ಕಲ್ಲಿನ ಕಡೆ ನೋಡಲಿಲ್ಲ.