ಕೆಂಪು ಬೂಟಿನ ಮರದಚ್ಚು

ದೊರೆಗಳ ಕಥೆ ಬರೆಯುವವರಿಗೆ ಬರವಿಲ್ಲ. ಯಾರು ಏರಿದ, ಯಾರು ಬಿದ್ದ, ಯಾರ ಕಣ್ಣು ಕೀಳಿಸಿದರು, ಎಲ್ಲವೂ ಅವರ ಹಾಳೆಗಳಲ್ಲಿದೆ. ಅಡ್ರಿಯಾನೋಪಲ್‌ನ ನಿಕೆಟಾಸನ ಬಲಗೈ ಎಲ್ಲಿ ಹೋಯಿತೆಂದು ಮಾತ್ರ ಒಬ್ಬನೂ ಬರೆದಿಲ್ಲ.

ನಿಕೆಟಾಸ್ ನಮ್ಮ ಓಣಿಯಲ್ಲಿ ಬೂಟು ಹೊಲಿಯುವವನು. ಕೆಂಪು ಬೂಟು ಸಾಮ್ರಾಟನೊಬ್ಬನದೇ. ಬೇರೆಯವರಿಗೆ ಹೊಲಿದವನ ಕೈ ಹೋಗುತ್ತದೆಂಬುದು ಹಸುಗೂಸಿಗೂ ಗೊತ್ತು. ಆ ವಸಂತದಲ್ಲಿ ನಮ್ಮ ಕೋಟೆಯ ಸೇನಾಪತಿಗೆ ತಾನೇ ಸಾಮ್ರಾಟನಾಗುವ ಹುಚ್ಚು ಹತ್ತಿತು. ಸಾಮ್ರಾಟನೆಂದು ಸಾರಲು ಸೈನಿಕರು ಅವನನ್ನು ಗುರಾಣಿಯ ಮೇಲೆ ಎತ್ತಿ ಮೆರೆಸಬೇಕು. ಕಪ್ಪು ಬೂಟಿನವನನ್ನು ಎತ್ತಲಾದೀತೆ? ಅವನ ದಳಪತಿ ಬರ್ದಾಸ್ ಹಾಡಹಗಲೇ ಅಂಗಡಿಗೆ ಬಂದ.

“ಭಾನುವಾರದೊಳ್ಗೆ ಕೆಂಪು ಬೂಟು ಆಗ್ಬೇಕು ಕಣೋ.”

“ದಣೀ, ನನ್ ಕೈ ಹೋಗತ್ತೆ.”

“ಹೊಲೀದಿದ್ರೆ ಇವತ್ತೇ ಹೋಗತ್ತೆ. ಹೊಲಿದ್ಯೋ, ನೀನೇ ಅರಮನೆ ಬೂಟಿನವ್ನು.”

ಓಣಿಯವರೆಲ್ಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆವು.

ಸೇನಾಪತಿಯದು ಊದಿದ ಎಡಗಾಲು. ಅಂಗಡಿಯಲ್ಲಿದ್ದ ಯಾವ ಮರದಚ್ಚೂ ಅದಕ್ಕೆ ಹೊಂದಲಿಲ್ಲ. ನಿಕೆಟಾಸ್ ಅಕ್ರೋಟು ಮರದಲ್ಲಿ ಹೊಸ ಅಚ್ಚು ಕೆತ್ತಿ, ಅದರ ಮೇಲೆ ಚರ್ಮ ಎಳೆದು ಹೊಲಿದ. ಭಾನುವಾರ ಜಯಕಾರವಾಯಿತು. ನಾವೂ ಕೂಗಿದೆವು.

ಮೆರೆದಾಟ ನಲವತ್ತೇ ದಿನ. ರಾಜಧಾನಿಯ ಸೈನ್ಯ ಬರುತ್ತಿದೆಯೆಂದು ಸುದ್ದಿಯಾದಾಗ ನಿಕೆಟಾಸನ ಹೆಂಡತಿ ಯುಫ್ರೋಸಿನಿ ಅಂಗಲಾಚಿದಳು.

“ಏನ್ರೀ, ಆ ಹಾಳು ಅಚ್ಚನ್ನ ಒಲೆಗೆ ಹಾಕ್ರೀ.”

“ಸುಮ್ನಿರೇ. ಒಳ್ಳೇ ಮರ. ನಾಳೆ ಊದ್ಕೊಂಡ್ ಕಾಲಿನವ್ನು ಇನ್ನೊಬ್ಬ ಬಂದ್ರೆ?”

ಅಚ್ಚು ಸುಡುವುದೆಂದರೆ ಅವನ ಕಸುಬಿನವರಿಗೆ ಮನೆಯ ಕಂಬ ಸುಟ್ಟಂತೆ. ಅಪ್ಪ, ತಾತ ಕೆತ್ತಿದವು ಗೋಡೆಯ ತುಂಬ ತೂಗುತ್ತಿದ್ದವು. ಇದನ್ನೂ ಅವುಗಳ ನಡುವೆಯೇ ನೇತುಹಾಕಿದ.

ಸೇನಾಪತಿ ಸಿಕ್ಕಿಬಿದ್ದ, ಕಣ್ಣು ಕಳೆದುಕೊಂಡ. ಬರ್ದಾಸ್? ಅವನು ಹಿಂದಿನ ದಿನವೇ ಕೋಟೆಯ ಬಾಗಿಲು ತೆರೆದುಕೊಟ್ಟು ಗೆದ್ದವರ ದಳಪತಿಯಾಗಿದ್ದ! ಬೂಟು ಹೊಲಿದವನನ್ನು ಹುಡುಕುವ ಕೆಲಸವೂ ಅವನಿಗೇ ಬಂತು. ಹುಡುಕುವುದೇನು ಬಂತು? ನೆಟ್ಟಗೆ ಅಂಗಡಿಗೆ ನುಗ್ಗಿ, ಗೋಡೆಯಿಂದ ಅಚ್ಚು ಕಿತ್ತು, ಸೇನಾಪತಿಯ ಕಾಲಿನಿಂದ ಎಳೆದುತಂದಿದ್ದ ಕೆಂಪು ಬೂಟಿನೊಳಗೆ ತೂರಿಸಿದ. ಕೂದಲೆಳೆಯಷ್ಟೂ ಆಚೀಚೆಯಾಗಲಿಲ್ಲ.

“ನೀವೇ ಅಲ್ವಾ ದಣೀ ಹೊಲಿಸಿದ್ದು! ಇಡೀ ಓಣಿ ಕೇಳಿದೆ.”

ಬರ್ದಾಸ್ ನಮ್ಮ ಕಡೆ ತಿರುಗಿದ. “ಯಾರ್ರೋ ಕೇಳಿದ್ದು?”

ಇಪ್ಪತ್ತು ಬಾಗಿಲುಗಳಲ್ಲಿ ಇಪ್ಪತ್ತು ಬಾಯಿಗಳಿದ್ದವು. ನನ್ನದೂ ಇತ್ತು. ಒಂದೂ ತೆರೆಯಲಿಲ್ಲ. ನಿಕೆಟಾಸ್ ದಿನವೂ ಚರ್ಮ ಕತ್ತರಿಸುತ್ತಿದ್ದ ದಿಮ್ಮಿಯ ಮೇಲೆಯೇ ಅವನ ಬಲಗೈಯಿಟ್ಟು ಕಡಿದರು.

ಈಗ ಯುಫ್ರೋಸಿನಿ ಹೊಲಿಯುತ್ತಾಳೆ. ಅವನು ಪಕ್ಕದಲ್ಲಿ ಕೂತು ಹೇಳಿಕೊಡುತ್ತಾನೆ. ಚಳಿ ಶುರುವಾದಾಗ ಬರ್ದಾಸ್ ಅಟ್ಟೆ ಕಿತ್ತುಹೋದ ತನ್ನ ಬೂಟು ತಂದು ಅವಳ ಮುಂದೆ ಎಸೆದ.

“ಗಟ್ಟಿಯಾಗಿ ಹೊಲಿಯೇ,” ಎಂದ ನಿಕೆಟಾಸ್, ಓಣಿಗೆಲ್ಲ ಕೇಳುವಂತೆ. “ದಣಿಗಳು ಇನ್ನೂ ಎಷ್ಟ್ ಸಲ ಆ ಕಡೆಯಿಂದ ಈ ಕಡೆಗೆ ಓಡ್ಬೇಕೋ ಏನೋ.”

ಬರ್ದಾಸ್ ನಕ್ಕ. ಅವನು ನಕ್ಕನೆಂದು ನಾವೂ ನಕ್ಕೆವು.