ಹಾಲಿನಪುಡಿ ಡಬ್ಬದ ಕೆಂಪು ದೀಪ

ಫೋಟೋ ತೊಳೆಯುವ ಕತ್ತಲೆ ಕೋಣೆಗೆ ಕೆಂಪು ದೀಪವೇ ಬೇಕು. ಬೇರೆ ಬೆಳಕು ಚೂರು ಬಿದ್ದರೂ ಪೇಪರು ಕಪ್ಪಾಗುತ್ತದೆ. ಅರಸೀಕೆರೆಯ ಅಂಗಡಿಗಳಲ್ಲೆಲ್ಲ ಕೇಳಿದೆ. ಸಿಕ್ಕಿದ್ದು ಸೀರಿಯಲ್ ಸೆಟ್ಟು, ಅದೂ ಒಮ್ಮೆ ಕೆಂಪಾಗಿ ಒಮ್ಮೆ ಹಸಿರಾಗಿ ಕುಣಿಯುವಂಥದ್ದು. ತಲೆಕೆಟ್ಟು, ಹಾಲಿನಪುಡಿ ಡಬ್ಬದೊಳಗೆ ಝೀರೋ ಬಲ್ಬು ಕೂರಿಸಿ, ಬಾಯಿಗೆ ಕೆಂಪು ಗಾಜು ಅಂಟಿಸಿ, ಬೆಳಕು ಸೋರದಂತೆ ಕಪ್ಪು ಟೇಪು ಸುತ್ತಿ ನಾನೇ ಒಂದು ದೀಪ ಮಾಡಿಕೊಂಡೆ.

ಹಳೇಬೀಡಿನ ನನ್ನ ಬಾಡಿಗೆ ಕೋಣೆಗೆ ಒಳಚಿಲಕವಿಲ್ಲ. ಆವತ್ತು ಮುಸ್ಸಂಜೆ ಟ್ರೇಯಲ್ಲಿ ಬಸ್ತಿಹಳ್ಳಿ ಬಸದಿಯ ಕಂಬದ ಚಿತ್ರ ಮೆಲ್ಲಗೆ ಮೂಡುತ್ತಿತ್ತು. ಅದು ನನ್ನಲ್ಲಿ ಉಳಿದಿದ್ದ ಕೊನೆಯ ಪೇಪರು. ಅಷ್ಟರಲ್ಲಿ ಮನೆ ಒಡತಿ ಗೌರಮ್ಮ ಬಾಗಿಲು ತಳ್ಳಿಕೊಂಡು ಬಂದು, ಪಟ್ಟನೆ ಟ್ಯೂಬ್‌ಲೈಟ್ ಹಾಕಿ, ಅದಕ್ಕೆ ಕೈ ಮುಗಿದರು.

"ಮುಸ್ಸಂಜೇಲಿ ಹಿಂಗೆ ಕತ್ಲಲ್ಲಿ ಕೂತ್ರೆ ಲಕ್ಷ್ಮಿ ಒಳಗ್ ಬತ್ತಾಳೇನಪ್ಪಾ?"

"ದೀಪ ಉರೀತಾನೇ ಇತ್ತಲ್ಲಮ್ಮಾ!" ಎಂದು ಡಬ್ಬ ತೋರಿಸಿದೆ.

"ಡಬ್ಬದೊಳ್ಗೆ ಮುಚ್ಚಿಟ್ರೆ ಯಾರಿಗ್ ಕಾಣ್ತೈತೆ?"

ಬಿಳಿ ಬೆಳಕು ಕಾಣಬಾರದು ಅಂತಲೇ ನಾನು ಇಷ್ಟೆಲ್ಲ ಒದ್ದಾಡಿದ್ದು ಎಂದು ಇವರಿಗೆ ಹೇಗೆ ಹೇಳಲಿ? ಕಂಬ ಆಗಲೇ ಮಸಿಯಾಗಿತ್ತು. ಗೌರಮ್ಮ ಟ್ರೇಯೊಳಗೆ ಬಗ್ಗಿ ನೋಡಿ, "ಯಾರ್ದಪ್ಪ ಈ ಫೋಟೋ?" ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಲಕ್ಷ್ಮೀದಮ್ಮ. ಈಗ ತಾನೇ ನೀವೇ ಒಳಗೆ ಕರ್ಕೊಂಡು ಬಂದ್ರಲ್ಲ!"

"ಹಂಗಾ? ಹಂಗಾದ್ರೆ ಒಂದು ಕಟ್ಟು ಹಾಕ್ಸ್ಕೊಡಪ್ಪ, ದೇವ್ರ ಮನೇಲಿ ಇಡ್ತೀನಿ."

ಕಟ್ಟು ಹಾಕಿಸಿ ಕೊಟ್ಟೆ. ದಿನಾ ಮುಸ್ಸಂಜೆ ಅದರ ಮುಂದೆ ದೀಪ ಹಚ್ಚುತ್ತಾರೆ. ಹಚ್ಚಲಿ, ಇನ್ನು ಅದರ ಮೇಲೆ ಎಷ್ಟು ಬೆಳಕು ಬಿದ್ದರೂ ತೊಂದರೆಯಿಲ್ಲ.