ಬಸಣ್ಣನ ಎರಡನೇ ಟೋಸ್ಟು

ಮೊನ್ನೆ ಕಪಾಟಿನ ಖಾನೆಯಿಂದ ಹಳೆಯ ಔಷಧದ ಚೀಟಿಗಳನ್ನು ತೆಗೆದು ಬಿಸಾಡುತ್ತಿದ್ದಾಗ ಮೂಲೆಯಲ್ಲಿ ಕಪ್ಪಗೆ, ಮೆತ್ತಗೆ ಏನೋ ಕೈಗೆ ತಾಗಿತು. ಇಲಿ ಎಂದು ಕಿರುಚಿ ಮಂಚ ಹತ್ತಿದೆ. ಇಲಿ ಅಲುಗಾಡಲಿಲ್ಲ. ಸ್ವಲ್ಪ ಹೊತ್ತು ಕಾದು ಕಸಬರಿಗೆಯ ಹಿಡಿಯಿಂದ ತಿವಿದು ನೋಡಿದರೆ, ಅದು ಮೈಕಿನ ಮೂತಿಗೆ ಹಾಕುವ ಸ್ಪಂಜಿನ ಟೊಪ್ಪಿಗೆ. ಎತ್ತಿ ಮೂಸಿದೆ. ಲವಂಗದ ವಾಸನೆ ಇನ್ನೂ ಇತ್ತು. ನೀವು ನಗಬಹುದು. ನಾನು ಅದನ್ನು ಹೆಬ್ಬೆರಳಿಗೆ ಹಾಕಿಕೊಂಡು ಮಧ್ಯಾಹ್ನದವರೆಗೂ ಮನೆಯೆಲ್ಲ ತಿರುಗಿದೆ. ರೊಟ್ಟಿ ಬಡಿಯುವಾಗ ಮಾತ್ರ ತೆಗೆದಿಟ್ಟಿದ್ದೆ.

ಲವಂಗ ನಮ್ಮ ಯಜಮಾನರದು. ನಮ್ಮೂರ ಬಸ್ ನಿಲ್ದಾಣದಲ್ಲಿ ಇಪ್ಪತ್ತೆರಡು ವರ್ಷ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಕೂಗಿದವರು ಅವರು. ಗಂಟಲು ಕಟ್ಟದಿರಲಿ ಎಂದು ದವಡೆಯಲ್ಲಿ ಸದಾ ಒಂದು ಲವಂಗ. ಊರವರಿಗೆ ಅವರು ಮೈಕ್ ಮಲ್ಲಪ್ಪ. ಅವರು ತೀರಿಕೊಂಡು ಒಂಬತ್ತು ತಿಂಗಳಾಯಿತು. ಆವತ್ತಿನಿಂದ ನಾನು ನಿಲ್ದಾಣಕ್ಕೆ ಕಾಲಿಟ್ಟಿರಲಿಲ್ಲ. ಎಲ್ಲಿಗಾದರೂ ಹೋಗಬೇಕಾದರೆ ಊರ ಹೊರಗಿನ ಕ್ರಾಸಿನವರೆಗೆ ನಡೆದು, ಬೇವಿನ ಗಿಡದ ಕೆಳಗೆ ನಿಂತು ಬಸ್ಸಿಗೆ ಕೈ ಮಾಡುತ್ತಿದ್ದೆ. ಕೇಳಿದವರಿಗೆ ಡಾಕ್ಟರು ನಡೆಯಲು ಹೇಳಿದ್ದಾರೆ ಎನ್ನುತ್ತಿದ್ದೆ. ಯಾವ ಡಾಕ್ಟರೂ ಹೇಳಿರಲಿಲ್ಲ. ಅವರ ಧ್ವನಿ ಇಲ್ಲದ ಆ ತಗಡಿನ ಮಾಡಿನ ಕೆಳಗೆ ಹೇಗೆ ನಿಂತುಕೊಳ್ಳಬೇಕು ಎಂಬುದು ನನಗೆ ತಿಳಿಯುತ್ತಿರಲಿಲ್ಲ, ಅಷ್ಟೇ.

ಅವರ ಕೂಗು ಹೇಗಿರುತ್ತಿತ್ತು ಎಂದು ನಿಮಗೆ ಹೇಳಬೇಕು. ಬರೆದುಕೊಟ್ಟದ್ದನ್ನು ಓದುವ ಮನುಷ್ಯ ಅವರಲ್ಲ. "ಅಣ್ಣಿಗೇರಿ ಬಸ್ಸು ಒಂದನೇ ನಂಬರಿಗೆ ಬಂದೈತಿ. ಕಿಟಕ್ಯಾಗ ಟಾವೆಲ್ ಒಗದು ಸೀಟ್ ಹಿಡದವರು, ಟಾವೆಲ್ ಒಂದಽ ಅಣ್ಣಿಗೇರಿಗೆ ಹೋಗೂದಿಲ್ಲ, ನೀವೂ ಹತ್ರಿ." ಇನ್ನೊಮ್ಮೆ, "ಹಸರ ಸೀರಿ ಉಟ್ಟ ಅವ್ವಾರ, ನಿಮ್ಮ ಕೋಳಿ ನವಲಗುಂದದ ಬಸ್ ಹತ್ತೈತಿ. ನೀವು ಮೊರಬಕ್ಕ ಹೋಗೋರು. ಇಬ್ಬರೂ ಮಾತಾಡಿ ಒಂದು ತೀರ್ಮಾನಕ್ಕ ಬರ್ರಿ." ಈ ಕೋಳಿಯ ವಿಷಯ ವಾರಗಟ್ಟಲೆ ಸುತ್ತಮುತ್ತಲ ಹಳ್ಳಿಗಳಲ್ಲಿ ಓಡಾಡಿತು. ಮನೆಯಲ್ಲೂ ಅದೇ ಚಾಳಿ. ನಾನು ಒಲೆಯ ಮುಂದಿದ್ದರೆ ಪಡಸಾಲೆಯಿಂದ ಕೇಳುತ್ತಿತ್ತು: "ಅಡಗಿಮನಿಯಿಂದ ಹೊರಡಬೇಕಾಗಿದ್ದ ಚಹಾ ಇನ್ನೂ ಹೊರಟಿಲ್ಲ. ಪ್ರಯಾಣಿಕರು ಸಿಟ್ಟಿಗೇಳಬಾರದು."

ಆದರೆ ಅವರ ನಿಜವಾದ ವಿದ್ಯೆ ಬೇರೆಯೇ ಇತ್ತು. ಬಸ್ಸು ಯಾವಾಗ ಹೊರಡುತ್ತದೆ ಎನ್ನುವುದನ್ನು ಅವರು ಗಡಿಯಾರ ನೋಡಿ ಹೇಳುತ್ತಿರಲಿಲ್ಲ, ಡ್ರೈವರನ್ನು ನೋಡಿ ಹೇಳುತ್ತಿದ್ದರು. ಮೊರಬದ ಬಸ್ಸಿನ ಬಸಣ್ಣ ಚಹಾದಂಗಡಿಯಲ್ಲಿ ಎರಡು ಟೋಸ್ಟು ಅದ್ದಿ ತಿನ್ನದೆ ಸ್ಟೇರಿಂಗ್ ಮುಟ್ಟುವವನಲ್ಲ. ಮೊದಲ ಟೋಸ್ಟಿಗೆ ಕಂಡಕ್ಟರ್ ಕೂಡ ಏಳುವುದಿಲ್ಲ. ಎರಡನೆಯದು ಅರ್ಧವಾದಾಗ ನೀವು ಏಳಬಹುದು. ಅವನು ಅಂಗೈ ತಟ್ಟಿ ಪುಡಿ ಉದುರಿಸಿದನೆಂದರೆ ಓಡಬೇಕು. ಕಿಟಕಿಯಿಂದ ಅದನ್ನೇ ನೋಡುತ್ತ ಯಜಮಾನರು ಮೈಕಿನಲ್ಲಿ ಹೇಳುವರು: "ಮೊರಬದವರು ಆರಾಮ ಕುಂದರ್ರಿ, ಇನ್ನೂ ಒಂದ್ ಟೋಸ್ಟ್ ಐತಿ."

ಹೀಗಿರುವಾಗ ಒಂದು ದಿನ ಹಿಟ್ಟಿನ ಗಿರಣಿಯಲ್ಲಿ ಬಾಜು ಮನೆಯ ಗಂಗವ್ವ ನನ್ನ ಕಿವಿಯ ಹತ್ತಿರ ಬಂದಳು.

"ಅಲ್ಲಬೇ, ನಿನ್ನ ಗಂಡನ ಖೋಲ್ಯಾಗ ಯಾರೋ ಒಬ್ಬಾಕಿ ಬಂದಾಳಂತಲ್ಲ?"

"ಯಾಕಿ?"

"ನನಗೇನ್ ಗೊತ್ತು? ಭಾಳ ಚಂದ ಮಾತಾಡತಾಳ. ಅಗದಿ ಬೆಂಗಳೂರ್ ಮಾತು. ಆಕಿ ಬಾಯಿ ತೆಗದ್ರ ಸಾಕು, ನಿನ್ನ ಗಂಡ ಬಾಯಿ ಮುಚ್ಚಿಕೊಂಡು ಕೇಳಕೊಂತ ಕುಂತಿರತಾನ. ನಿನ್ನ ಮಾತು ಯಾವತ್ತರೆ ಹಂಗ ಕೇಳ್ಯಾನೇನು?"

ಅದೇ ನನಗೆ ನಾಟಿದ್ದು. ಸಂಜೆ ಕೇಳಿದರೆ ಆ ಮಹಾರಾಯ ಅಲ್ಲ ಅನ್ನಲಿಲ್ಲ. "ಹೌದು, ಬಂದಾಳ. ಭಾಳ ಶಾಣ್ಯಾಕಿ. ಆದ್ರ ಒಂದ್ ತುತ್ತು ಊಟಾ ಮಾಡೂದಿಲ್ಲ ನೋಡು," ಎಂದು ಗೋಡೆಯ ಕಡೆ ಹೊರಳಿ ಮಲಗಿದರು. ಹೆಗಲು ಅಲುಗಾಡುತ್ತಿತ್ತು. ಕೆಮ್ಮು ಅಂದುಕೊಂಡೆ.

ಮರುದಿನ ಇಳಕಲ್ ಸೀರೆ ಉಟ್ಟು, ಹೂ ಮುಡಿದು, ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿದು, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೆ. ಜಗಳಕ್ಕೆ ಹೋಗುವವಳು ಬುತ್ತಿ ಯಾಕೆ ಒಯ್ದೆ ಎಂದು ಕೇಳಬೇಡಿ. ಯಾರ ಮನೆಯ ಹೆಣ್ಣುಮಗಳೋ, ಉಪವಾಸ ಕೂತಿರುತ್ತಾಳೆ ಎಂದು ಒಂದು ಕಡೆ ಕರುಳು ಚುರ್ ಎನ್ನುತ್ತಿತ್ತು. ಸೀದಾ ಕೋಣೆಗೆ ನುಗ್ಗಿದೆ.

"ಎಲ್ಲಿದಾಳ ಆಕಿ?"

"ಯಾರು?"

"ನಿಮ್ಮಾಕಿ! ಚಂದ ಮಾತಾಡಾಕಿ!"

ಅವರು ಗೋಡೆಯತ್ತ ಬೆರಳು ಮಾಡಿದರು. ಅಲ್ಲೊಂದು ಬೂದು ಬಣ್ಣದ ಪೆಟ್ಟಿಗೆ, ಮೇಲೊಂದು ಕೆಂಪು ದೀಪ. ಅದೇ ಕ್ಷಣಕ್ಕೆ ಪೆಟ್ಟಿಗೆ ಬಾಯಿ ತೆರೆಯಿತು: "ಪ್ರಯಾಣಿಕರ ಗಮನಕ್ಕೆ..." ನಾನು ಗಾಬರಿಯಲ್ಲಿ ಎರಡೂ ಕೈ ಜೋಡಿಸಿ, "ನಮಸ್ಕಾರ್ರೀ" ಎಂದುಬಿಟ್ಟೆ. ಯಜಮಾನರು ನಕ್ಕ ರಭಸಕ್ಕೆ ಲವಂಗ ಗಂಟಲಿಗೆ ಹೋಗಿ ಬೆನ್ನು ಗುದ್ದಬೇಕಾಯಿತು. ಆಮೇಲೆ ಹೊರಗೆ ಯಾಕಿಷ್ಟು ಚಪ್ಪಾಳೆ ಎಂದು ನೋಡಿದರೆ, ಮೇಜಿನ ಮೇಲಿನ ಹಳೆಯ ಮೈಕು ಚಾಲೂ ಇತ್ತು. ನನ್ನ ಜಗಳ ಇಡೀ ನಿಲ್ದಾಣಕ್ಕೆ ಪ್ರಸಾರವಾಗಿತ್ತು.

ಆ ಒಂದು ವಾರ ಇಬ್ಬರೂ ಕೂಗಿದರು, ಪೆಟ್ಟಿಗೆ ಮತ್ತು ಮನುಷ್ಯ. ಬಸ್ಸು ಎಲ್ಲಿದೆ ಎಂಬುದನ್ನು ಪೆಟ್ಟಿಗೆ ಆಕಾಶದ ಉಪಗ್ರಹದಿಂದ ತಿಳಿದುಕೊಂಡು, ತಾನೇ ವಾಕ್ಯ ಕಟ್ಟಿ ಹೇಳುತ್ತದಂತೆ, ದಿನದಿನಕ್ಕೆ ತಾನೇ ಕಲಿಯುತ್ತದಂತೆ. ಅದನ್ನು ಗೋಡೆಗೆ ಕೂಡಿಸಲು ಬಂದವರು ಹಾಗೆಂದಾಗ ಇವರು, "ಕಲೀಲಿ ಬಿಡ್ರಿ. ಬಾಜೂಕ ಸ್ಟೂಲ್ ಹಾಕಿಕೊಂಡು ಕುಂದರತೇನಿ, ಕೇಳಿದ್ರ ಹೇಳಿಕೊಡತೇನಿ," ಎಂದರಂತೆ. ಪೆಟ್ಟಿಗೆ ಕೇಳಲಿಲ್ಲ. ಮುಂದಿನ ವಾರ ಮೈಕು, ವಾಯರು ಎಲ್ಲ ಒಪ್ಪಿಸಿ ವಿಚಾರಣೆಯ ಕಿಟಕಿಗೆ ಬಂದು ಕೂತರು. ಟೊಪ್ಪಿಗೆಯನ್ನು ಮಾತ್ರ ಕಿಸೆಗೆ ಹಾಕಿಕೊಂಡು ಬಂದಿದ್ದರು ಎಂಬುದು ನನಗೆ ಗೊತ್ತಾದದ್ದು ಮೊನ್ನೆ, ಇಲಿ ಕಂಡಾಗ.

ಅವರು ದುಃಖಪಟ್ಟರೇ? ನನಗೆ ಕಂಡದ್ದು ಒಂದೇ ಸಲ. ಯಂತ್ರಗಳು ಬಂದು ಯಾರ ಯಾರ ಕೆಲಸ ಹೋಗುತ್ತದೆ ಎಂದು ಪೇಪರಿನಲ್ಲಿ ಪಟ್ಟಿ ಬಂದಿತ್ತು. ದೊಡ್ಡದಾಗಿ ಓದಿದರು. ಟೈಪ್ ಮಾಡುವವರು, ಭಾಷಾಂತರ ಮಾಡುವವರು, ಬ್ಯಾಂಕಿನ ಕೌಂಟರಿನವರು, ಫೋನಿನಲ್ಲಿ ಉತ್ತರ ಕೊಡುವವರು. ಕೊನೆಯವರೆಗೆ ಓದಿ ಮತ್ತೆ ಮೇಲಿನಿಂದ ಶುರು ಮಾಡಿದರು.

"ನಾನಽ ಇಲ್ಲಲ್ಲ ಇದರಾಗ!"

"ಛಲೋ ಆತು ಬಿಡ್ರಿ. ನಿಮ್ಮ ಕೆಲಸಕ್ಕ ಧೋಕಾ ಇಲ್ಲ ಅಂತಾತು."

"ಅಲ್ಲಬೇ, ಇದು ಹೋಗೂ ಮಂದೀ ಪಟ್ಟಿ. ಹೋದ ಮಂದೀದು ಯಾರು ಬರೀತಾರ?" ಎಂದು ನಕ್ಕರು. ನಕ್ಕದ್ದು ನಿಜ. ಆದರೆ ಅವತ್ತು ಊಟವಾದ ಮೇಲೆ ಲವಂಗ ಹಾಕಿಕೊಳ್ಳಲಿಲ್ಲ.

ಹಾಸಿಗೆ ಬಿಡಿಸುತ್ತ ತಾವೇ ಹೇಳಿದರು: "ಧ್ವನಿ ಛಲೋ ಐತಿ ಆಕೀದು. ಖರೇನ. ಬಸ್ಸು ಎಲ್ಲೈತಿ ಅನ್ನೂದು ಆಕಿಗೆ ಗೊತ್ತೈತಿ. ಬಸಣ್ಣ ಎಲ್ಲಿದಾನ ಅನ್ನೂದು ಗೊತ್ತಿಲ್ಲ."

ಅವರು ಹೋದದ್ದು ಎದೆನೋವಿನಿಂದ, ಒಂದು ಮುಂಜಾನೆ, ಚಹಾ ಕುಡಿದು ಬಟ್ಟಲು ಕೆಳಗಿಡುವಷ್ಟರಲ್ಲಿ. ಮಾತಾಡಿಸಲು ಬಂದವರೆಲ್ಲ ಕಣ್ಣೊರೆಸಿಕೊಳ್ಳುತ್ತ ಒಂದೇ ಮಾತು ಹೇಳಿದರು: "ಎಲ್ಲಾರ ಬಸ್ಸು ಹೇಳಿದ ಮನಶ್ಯಾ, ತನ್ನ ಬಸ್ಸು ಹೇಳದನ ಹೋದ." ಪ್ರತಿಯೊಬ್ಬರೂ ಅದು ತಮಗೇ ಮೊದಲು ಹೊಳೆದದ್ದು ಎಂಬಂತೆ ಹೇಳುತ್ತಿದ್ದರು. ನಾಲ್ಕನೆಯವರು ಬಾಯಿ ತೆರೆಯುವಾಗಲೇ ನನಗೆ ಗೊತ್ತಾಯಿತು, ಬಂತು ಅದೇ ಬಸ್ಸು ಎಂದು. ಸೆರಗಿನಿಂದ ಮುಖ ಮುಚ್ಚಿಕೊಂಡೆ. ಅಳುತ್ತಿದ್ದಾಳೆ ಎಂದು ಗಂಗವ್ವ ಬೆನ್ನು ಸವರಿದಳು. ನಗುತ್ತಿದ್ದೆ. ಪಕ್ಕದಲ್ಲಿ ಅವರಿದ್ದಿದ್ದರೆ ಎಷ್ಟು ನಗುತ್ತಿದ್ದರೋ ಎನಿಸಿ, ಆಮೇಲೆ ನಿಜವಾಗಿಯೂ ಅತ್ತೆ.

ನಿನ್ನೆ ಮೊರಬದಲ್ಲಿ ತಂಗಿಯ ಬಸುರಿ ಮಗಳಿಗೆ ಕುಬಸ. ಕ್ರಾಸಿನಲ್ಲಿ ರಸ್ತೆ ಅಗೆದಿದ್ದಾರೆ, ಬಸ್ಸು ನಿಲ್ಲುವುದಿಲ್ಲ. ಬೇರೆ ದಾರಿಯೇ ಇರಲಿಲ್ಲ. ಟೊಪ್ಪಿಗೆಯನ್ನು ಚೀಲದೊಳಗೆ ಹಾಕಿಕೊಂಡು, ಒಂಬತ್ತು ತಿಂಗಳ ಮೇಲೆ ನಿಲ್ದಾಣದೊಳಗೆ ಹೋಗಿ ಕಂಬದ ಮರೆಯಲ್ಲಿ ನಿಂತೆ.

"ಪ್ರಯಾಣಿಕರ ಗಮನಕ್ಕೆ. ಮೊರಬಕ್ಕೆ ತೆರಳುವ ಬಸ್ಸು ಎರಡನೇ ಅಂಕಣದಿಂದ ಹೊರಡಲು ಸಿದ್ಧವಾಗಿದೆ."

ಜನ ಎದ್ದು ಓಡಿದರು. ತಲೆಯ ಮೇಲೆ ಗಂಟು ಹೊತ್ತ ಒಬ್ಬ ಮುದುಕಿಯೂ ಏದುಸಿರು ಬಿಡುತ್ತ ಓಡತೊಡಗಿದಳು. ನನ್ನ ಕಣ್ಣು ತಾನಾಗಿ ಚಹಾದಂಗಡಿಯ ಕಡೆ ಹೋಯಿತು. ಬಸಣ್ಣ ಆಗಷ್ಟೇ ಮೊದಲ ಟೋಸ್ಟನ್ನು ಚಹಾದಲ್ಲಿ ಅದ್ದುತ್ತಿದ್ದ.

"ಆಯೀ, ಓಡಬ್ಯಾಡ್ರಿ! ಇನ್ನೂ ಒಂದ್ ಟೋಸ್ಟ್ ಐತಿ!"

ಇಷ್ಟು ದೊಡ್ಡ ಧ್ವನಿ ನನ್ನೊಳಗೆ ಎಲ್ಲಿತ್ತೋ! ಇಡೀ ಮಾಡು ತಿರುಗಿ ನೋಡಿತು. ಬಸಣ್ಣನ ಟೋಸ್ಟು ಕೈ ಜಾರಿ ಚಹಾದೊಳಗೆ ಮುಳುಗಿತು. "ಹೋತಲ್ಲ ಅಕ್ಕಾ! ಈಗ ಮೂರು ತಿನ್ನಬೇಕಾತು!" ಎಂದು ಅಲ್ಲಿಂದಲೇ ಕೂಗಿದ.

"ಮೊರಬದವರು ಆರಾಮ ಕುಂದರ್ರಿ," ಎಂದೆ ನಾನು, "ಎರಡು ಟೋಸ್ಟ್ ಲೇಟ್ ಐತಿ."

ಎಲ್ಲರೂ ನಕ್ಕರು. ಯಾರೋ "ಯಾರ್ರೀ ಈಕಿ?" ಎಂದರು. "ಮೈಕ್ ಮಲ್ಲಪ್ಪನ ಮನಿಯಾಕಿ. ಪೆಟ್ಟಿಗಿ ಜೋಡಿ ಜಗಳಾಡಿದ್ದಳಲ್ಲ, ಆಕಿ," ಎಂದ ಚಹಾದಂಗಡಿಯವನು. ಆಮೇಲೆ ಶುರುವಾಯಿತು ನೋಡಿ. ಅಕ್ಕಾ ಅಣ್ಣಿಗೇರಿದು ಹೆಂಗ್ರಿ, ಅಕ್ಕಾ ನವಲಗುಂದದ್ದು ಯಾವಾಗ್ರಿ. ಅಣ್ಣಿಗೇರಿಯ ಡ್ರೈವರು ಮನೆಗೆ ಫೋನು ಹಚ್ಚಿದ್ದ. "ಹೂಂ ಹೂಂ ಅನ್ನಾಕತ್ತಾನ, ಇನ್ನೇನ್ ಫೋನ್ ಇಡತಾನ, ಹತ್ರಿ ಹತ್ರಿ," ಎಂದೆ. ನಾಲ್ಕು ನಿಮಿಷದಲ್ಲಿ ಅಣ್ಣಿಗೇರಿ ಹೊರಟಿತು. ನನ್ನ ಹೆಬ್ಬೆರಳಿಗೆ ಟೊಪ್ಪಿಗೆ ಯಾವಾಗ ಬಂದಿತ್ತೋ ನೆನಪಿಲ್ಲ.

ಹಿಂದಿನಿಂದ ಹಾರ್ನ್ ಕೇಳಿಸಿತು. ಸ್ಟೇರಿಂಗಿನ ಮುಂದೆ ಕೂತ ಬಸಣ್ಣ ಅಂಗೈ ತಟ್ಟಿ ಪುಡಿ ಉದುರಿಸುತ್ತಿದ್ದ.

"ಅಕ್ಕಾ, ಮೊರಬದ ಬಸ್ಸು ಹೊಂಟೈತಿ! ಊರ ಮಂದಿಗೆಲ್ಲಾ ಹೇಳತೀರಿ, ನೀವು ಹತ್ತತೀರೋ ಇಲ್ಲೋ?"

ಸೀರೆ ಎತ್ತಿ ಹಿಡಿದು ಓಡಿದೆ. ಗಂಟಿನ ಮುದುಕಿ ನನಗಾಗಿ ಸೀಟು ಹಿಡಿದಿದ್ದಳು.

ಬರುವ ಸೋಮವಾರ ನಾನು ಯಾವ ಊರಿಗೂ ಹೋಗಬೇಕಾಗಿಲ್ಲ. ಆದರೂ ನಿಲ್ದಾಣಕ್ಕೆ ಹೋಗಿ ಬರಬೇಕು. ನವಲಗುಂದದ ಬಸ್ಸಿಗೆ ಹೊಸ ಡ್ರೈವರು ಬಂದಿದ್ದಾನೆ. ಅವನು ಚಹಾದೊಳಗೆ ಏನು ಅದ್ದಿಕೊಳ್ಳುತ್ತಾನೆ ಎಂಬುದು ಇನ್ನೂ ಯಾರಿಗೂ ಗೊತ್ತಿಲ್ಲ.